ಕೇರಳದ ಕಡೆ ಕಟ್ಟಿದ ಆಂಟೆನಾ

ಮೂಗಿನ ತುದಿಯಲ್ಲಿ ಕೋಪ ಇರುವವನಿಗೆ ಆಂಟೆನಾ ಕಟ್ಟುವ ಕೆಲಸ ಹೇಳಿಸಿದ್ದಲ್ಲ. ನನಗೆ ಕೋಪವೂ ಇತ್ತು, ಆ ಕೆಲಸವೂ ಇತ್ತು. ಹುಣಸೂರಿನ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡು ರೇಡಿಯೊ, ಟೇಪ್ ರೆಕಾರ್ಡರು, ಟಿವಿ ರಿಪೇರಿ ಮಾಡುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೇಬಲ್ಲು ಪೇಟೆಯ ಬೀದಿಗಳಿಗೆ ಬಂದಿದ್ದರೂ ಹಳ್ಳಿಗಳಿಗೆಲ್ಲ ಮನೆ ಮೇಲಿನ ಕಡ್ಡಿ ಆಂಟೆನಾವೇ ಗತಿ. ರಿಪೇರಿಗಿಂತ ಅದನ್ನು ಕಟ್ಟುವುದೇ ನನಗೆ ದೊಡ್ಡ ಕೆಲಸವಾಗಿತ್ತು.

ನಾನು ಹೆಂಚಿನ ಮೇಲೆ ನಿಂತು ಪೈಪು ತಿರುಗಿಸಬೇಕು. ಕಿಟಕಿಯಲ್ಲಿ ಒಬ್ಬ ನಿಂತಿರುತ್ತಾನೆ. ಒಳಗೆ ಟಿವಿ ಮುಂದೆ ಮನೆಮಂದಿಯೆಲ್ಲ. ಒಳಗಿನವರು ಬಂತು ಅನ್ನುವುದು, ಅದನ್ನು ಕಿಟಕಿಯವನು ನನಗೆ ದಾಟಿಸುವಷ್ಟರಲ್ಲಿ ಹೋಯ್ತು ಅನ್ನುವುದು. ಮಧ್ಯಾಹ್ನದ ಬಿಸಿಲಿಗೆ ಕಾದ ಹೆಂಚಿನ ಮೇಲೆ ಅಂಗಾಲು ಸುಡಿಸಿಕೊಂಡು ಇದನ್ನು ಅರ್ಧ ಗಂಟೆ ಕೇಳಿದರೆ ಯಾರಿಗಾದರೂ ಪಿತ್ತ ನೆತ್ತಿಗೇರುತ್ತದೆ. ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಆದರೂ ಜನ ನನ್ನನ್ನೇ ಕರೆಯುತ್ತಿದ್ದರು. ಯಾಕೆಂದರೆ ನಾನು ಕಟ್ಟಿದ ಆಂಟೆನಾ ಆಷಾಢದ ಗಾಳಿಗೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಅದರ ಬಗ್ಗೆ ನನಗೆ ಜಂಬವೂ ಇತ್ತು, ಈಗ ಮುಚ್ಚಿಟ್ಟು ಏನಾಗಬೇಕು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದು ಕಡೆ ಒಂದೊಂದು ಟವರು ಹಿಡಿಯುತ್ತಿತ್ತು. ಹುಣಸೂರು, ಕೆ.ಆರ್. ನಗರದ ಕಡೆ ಮೈಸೂರಿನದು. ಪಿರಿಯಾಪಟ್ಟಣ ದಾಟಿದರೆ ಮಡಿಕೇರಿ ಬೆಟ್ಟದ್ದು ಚೆನ್ನಾಗಿ ಬರುತ್ತಿತ್ತು. ಎಚ್.ಡಿ. ಕೋಟೆಯ ಕಾಡಂಚಿಗೆ ಹೋದರೆ ಮಾತ್ರ ಮೈಸೂರಿನದು ಗುಡ್ಡಕ್ಕೆ ಹೊಡೆದು ನಿಂತುಬಿಡುತ್ತಿತ್ತು. ತೆರೆಯ ಮೇಲೆ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬರೀ ಚುಕ್ಕಿ. ಆಂಟೆನಾವನ್ನು ಕೇರಳದ ಕಡೆ ತಿರುಗಿಸಿದರೆ ಅಲ್ಲಿನ ಟವರು ಸಿಕ್ಕಿ ಚಿತ್ರ ಕನ್ನಡಿಯ ಹಾಗೆ ನಿಲ್ಲುತ್ತಿತ್ತು. ರಾತ್ರಿಯ ಹಿಂದಿ ವಾರ್ತೆಯಿಂದ ಮುಂದಕ್ಕೆ ಎಲ್ಲ ಟವರಿನಲ್ಲೂ ಒಂದೇ ಕಾರ್ಯಕ್ರಮ. ಸಂಜೆ ಹೊತ್ತು ಮಾತ್ರ ನಮ್ಮ ಕಡೆ ಟವರುಗಳಲ್ಲಿ ಕನ್ನಡ, ಅವರ ಕಡೆಯದರಲ್ಲಿ ಮಲಯಾಳ.

ಕಾಡಂಚಿನ ಜನ ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಗೋಡೆ ಪಕ್ಕ ಸವೆದುಹೋದ ಒರಳುಕಲ್ಲು ಹೂತು ಅದರ ಗುಳಿಯಲ್ಲಿ ಪೈಪಿನ ಬುಡ ನಿಲ್ಲಿಸುವರು. ಎದೆಯೆತ್ತರಕ್ಕೆ ಒಂದು ಅಡ್ಡಕೋಲು. ಸಂಜೆಯಾದರೆ ಕೋಲು ಹಿಡಿದು ಮೈಸೂರಿನ ಕಡೆ ತಿರುಗಿಸಿ, ಚುಕ್ಕಿಯ ಮಧ್ಯೆ ಕಂಡಷ್ಟು ಕನ್ನಡ ನೋಡುವರು. ಹಿಂದಿ ಶುರುವಾದರೆ ಮತ್ತೆ ಕೇರಳದ ಕಡೆಗೆ. ದಿನಾ ಎರಡು ಸಲ ಹೀಗೆ ತಿರುಗಿಸಿದರೆ ತಂತಿ ತಿರುಚಿಕೊಂಡು ಕಿತ್ತುಬರುತ್ತದೆ. ತಂತಿ ಕಿತ್ತರೆ ನನಗೆ ಹೇಳಿಕಳಿಸುವರು. ಅಷ್ಟು ದೂರ ಬಸ್ಸು ಹತ್ತಿ ಹೋಗಿ ಒಂದು ತಿರುಪು ಬಿಗಿ ಮಾಡಿ ಬರುವುದೆಂದರೆ ಒಂದು ದಿನವೇ ಹಾಳು. ನನಗೆ ಆ ಒರಳುಕಲ್ಲು ಕಂಡರೆ ಆಗುತ್ತಿರಲಿಲ್ಲ.

ಕಾಕನಕೋಟೆ ಕಡೆಯ ಒಂದು ಹಾಡಿಗೆ ಆಗ ಊರೊಟ್ಟಿಗೆ ಅಂತ ಒಂದು ಟಿವಿ ಬಂತು. ಕಾಡಿನವರ ಕೇರಿಗೆ ನಮ್ಮ ಕಡೆ ಹಾಡಿ ಅನ್ನುತ್ತಾರೆ. ಅಂತರಸಂತೆಯಲ್ಲಿ ಬಸ್ಸಿಳಿದು ಕಾಲುದಾರಿಯಲ್ಲಿ ಒಂದು ಗಂಟೆ ನಡೆಯಬೇಕು. ಮಕ್ಕಳಿಗೆ ಊಟ ಹಾಕುವ ಒಂದು ಶೀಟಿನ ಕೋಣೆಯಿತ್ತು. ಅದರಲ್ಲಿ ಮರದ ಪೆಟ್ಟಿಗೆ ಮಾಡಿಸಿ, ಟಿವಿ ಇಟ್ಟು, ಬೀಗ ಹಾಕಿದ್ದರು. ಬೀಗದ ಕೈ ಅಲ್ಲಿ ಅಡುಗೆ ಮಾಡುವ ಹೆಂಗಸಿನ ಹತ್ತಿರ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬಹುದು, ಮೆಲುಮಾತಿನವಳು. ನಾನು ಆಂಟೆನಾ ಕಟ್ಟುವಾಗ ಅವಳೂ ಅವಳ ಗಂಡನೂ ಒಂದು ಒಡೆದ ಒರಳುಕಲ್ಲನ್ನು ಹೊತ್ತು ತಂದು ಗೋಡೆಯ ಪಕ್ಕ ಇಟ್ಟರು.

"ಒಸಿ ತಿರುಗ್ಸೋ ಅಂಗೆ ಬುಡಿ ಸ್ವಾಮಿ. ಸಂಜೆ ಒತ್ತು ನಾವೂವೆ ಕನ್ನಡ ನೋಡ್ತೀವಿ" ಅಂದಳು.

ನಾನು ಒಪ್ಪಲಿಲ್ಲ. ನೀವು ತಿರುಗಿಸಿ ತಿರುಗಿಸಿ ಕೆಡಿಸುತ್ತೀರಿ, ಕೋತಿಗಳು ಬೇರೆ ಜೋತುಬೀಳುತ್ತವೆ, ಆಮೇಲೆ ಸಾಯುವವನು ನಾನು ಅಂತ ಗದರಿದೆ. ಚಿತ್ರ ಚೆನ್ನಾಗಿ ಬರುತ್ತದಲ್ಲ, ಅದನ್ನು ನೋಡಿ ಅಂದೆ. ಕೇರಳದ ಕಡೆಗೆ ಕಡ್ಡಿ ಹಿಡಿದು, ಗೋಡೆಯ ನೆತ್ತಿಯ ಮೇಲೆ ಪೈಪು ನಿಲ್ಲಿಸಿ, ಬುಡಕ್ಕೆ ಸಿಮೆಂಟು ಹಾಕಿ, ಮೂರು ದಿಕ್ಕಿಗೂ ದಪ್ಪ ತಂತಿ ಎಳೆದು ಕಟ್ಟಿದೆ. ಅವಳ ಗಂಡ ಇನ್ನೇನೋ ಹೇಳಲು ಬಂದ. ನಾನು ಇಕ್ಕಳ ಚೀಲಕ್ಕೆ ಹಾಕಿಕೊಂಡೆ. ಆ ಒರಳುಕಲ್ಲನ್ನು ಇಬ್ಬರೂ ಮತ್ತೆ ಹೊತ್ತುಕೊಂಡು ಹೋದರು. ನಾನು ಬಸ್ಸಿಗೆ ಹೊತ್ತಾಯಿತು ಅಂತ ಹೊರಟೆ.

ಅದರ ಮುಂದಿನ ವರ್ಷ ನಮ್ಮ ಅವ್ವ ಕಳೆದುಹೋದಳು.

ಅವ್ವನಿಗೆ ಆಗಲೇ ಎರಡು ವರ್ಷದಿಂದ ಮರೆವು ಶುರುವಾಗಿತ್ತು. ಮೊದಮೊದಲು ಒಲೆಯ ಮೇಲೆ ಇಟ್ಟ ಹಾಲು ಮರೆಯುವಳು, ನಾವು ನಗುತ್ತಿದ್ದೆವು. ಆಮೇಲೆ ನನ್ನನ್ನು ಅವಳ ಅಣ್ಣ ಅಂದುಕೊಳ್ಳತೊಡಗಿದಳು. ಅವಳ ತೌರು ಭೇರ್ಯದ ಹತ್ತಿರದ ಒಂದು ಹಳ್ಳಿ. ಅಲ್ಲಿ ಅಣ್ಣನೂ ಸತ್ತು, ಮನೆಯೂ ಬಿದ್ದು ಎಷ್ಟೋ ಕಾಲವಾಗಿತ್ತು. ಆದರೆ ಅವಳು ದಿನಾ ಬೆಳಗ್ಗೆ ಸೀರೆ ಬದಲಾಯಿಸಿ, ತೌರಿಗೆ ಹೋಗಿಬರುತ್ತೇನೆ ಅಂತ ಜಗಲಿಯ ಮೇಲೆ ಕೂತುಬಿಡುವಳು. ನಮ್ಮೂರು ಹುಣಸೂರಿನಿಂದ ಕೆ.ಆರ್. ನಗರಕ್ಕೆ ಹೋಗುವ ದಾರಿಯಲ್ಲಿತ್ತು. ಅಪ್ಪ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಕೆಲಸವನ್ನೂ ಬೇರೆಯವರಿಗೆ ಒಪ್ಪಿಸಿ ಅವಳನ್ನು ಕಾಯುತ್ತಿದ್ದ. ಅಪ್ಪ ಒರಟ. ಆದರೆ ಅವಳ ತಲೆ ತಾನೇ ಬಾಚುತ್ತಿದ್ದ. ಎಂದೂ ಕೈ ಎತ್ತಲಿಲ್ಲ, ಗದರಲೂ ಇಲ್ಲ. ನಾನು ಗದರುತ್ತಿದ್ದೆ.

ಯುಗಾದಿ ಕಳೆದ ಮೇಲೆ ಒಂದು ದಿನ ಅಪ್ಪ ಅವಳನ್ನು ಆಸ್ಪತ್ರೆಗೆ ತೋರಿಸಲು ಹುಣಸೂರಿಗೆ ಕರೆತಂದ. ತೋರಿಸಿಯಾದ ಮೇಲೆ ಅವಳನ್ನು ನನ್ನ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಮಾತ್ರೆ ತರುತ್ತೇನೆ, ನೋಡಿಕೊ ಅಂತ ಹೋದ. ಅಷ್ಟರಲ್ಲಿ ಎದುರು ಮನೆಯವನು ಬಂದು ಆಂಟೆನಾ ವಾಲಿದೆ, ಒಂದೇ ನಿಮಿಷ ಬಾ ಅಂದ. ಕೂತಿರವ್ವಾ ಅಂತ ಹೇಳಿ ಏಣಿ ಹತ್ತಿದೆ. ಬಂತು, ಹೋಯ್ತು ಶುರುವಾಯಿತು. ಒಂದು ನಿಮಿಷ ಹತ್ತಾಯಿತು. ಇಳಿದು ಬಂದು ನೋಡಿದರೆ ಬೆಂಚು ಖಾಲಿ.

ಬಸ್ ಸ್ಟ್ಯಾಂಡಿನ ಒಂದೊಂದು ಬಸ್ಸನ್ನೂ ಹತ್ತಿ ಇಳಿದೆ. ಅಪ್ಪ ಮಾತ್ರೆಯ ಪೊಟ್ಟಣ ಹಿಡಿದುಕೊಂಡೇ ಸಂತೆಮಾಳ, ಕೆರೆ ಏರಿ, ಎಲ್ಲ ಕಡೆ ಓಡಿದ. ಅಷ್ಟು ಹೊತ್ತಿಗೆ ಎಷ್ಟು ಬಸ್ಸು ಹೋಗಿದ್ದವೋ. ಸಂಜೆ ಕೆ.ಆರ್. ನಗರದ ಕಡೆಯಿಂದ ಬಂದ ಒಬ್ಬ ಕಂಡಕ್ಟರು, ಇಂಥ ಒಂದು ಮುದುಕಿ ಭೇರ್ಯದ ಹತ್ತಿರ ಇಳಿದ ಹಾಗಿತ್ತು ಅಂದ. ನಮಗೆ ಅಷ್ಟೇ ಸಾಕಾಯಿತು. ತೌರಿಗೆ ಹೋಗುತ್ತೇನೆ ಅನ್ನುತ್ತಿದ್ದವಳು ತೌರಿನ ದಾರಿಯನ್ನೇ ಹಿಡಿದಿದ್ದಾಳೆ ಅಂದುಕೊಂಡೆವು. ಪಾಪ ಆ ಕಂಡಕ್ಟರು ಕಂಡಿದ್ದು ಯಾರನ್ನೋ.

ಭೇರ್ಯದ ಸುತ್ತಮುತ್ತಲ ಹಳ್ಳಿಗಳನ್ನು ಜಾಲಾಡಿದೆವು. ನಾಲೆಯ ಉದ್ದಕ್ಕೂ ನಡೆದೆವು. ಪೊಲೀಸರಿಗೆ ದೂರು ಕೊಟ್ಟೆವು. ಅವ್ವನದು ಅಂತ ಇದ್ದ ಫೋಟೊ ಒಂದೇ, ಅಕ್ಕನ ಮದುವೆಯಲ್ಲಿ ಎಲ್ಲರೂ ನಿಂತು ತೆಗೆಸಿಕೊಂಡದ್ದು. ಅದರಲ್ಲಿ ಅವಳ ಮುಖವನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಿಸಿದೆವು. ಒಂದು ಪಕ್ಕದಲ್ಲಿ ನನ್ನ ಭುಜ ಹಾಗೇ ಉಳಿದಿತ್ತು. ಕಾಣೆಯಾದವರ ಫೋಟೊ ಸಂಜೆ ಕನ್ನಡದ ಹೊತ್ತಿನಲ್ಲಿ ಟಿವಿಯಲ್ಲಿ ತೋರಿಸುತ್ತಾರೆ, ಅದಕ್ಕೂ ಕಳಿಸೋಣ ಅಂತ ನಾನೇ ಹೇಳಿದ್ದು. ಅಪ್ಪನಿಗೆ ಟಿವಿ ಅಂದರೆ ಅಷ್ಟಕ್ಕಷ್ಟೆ. ಆದರೆ ನಾಡಿಗೆಲ್ಲ ಕಾಣಿಸುತ್ತದೆ ಅಂದಾಗ ಅವನ ಮುಖದಲ್ಲಿ ಜೀವ ಬಂತು.

ಇಂಥ ವಾರ ಬರಬಹುದು ಅಂತ ಗೊತ್ತಾದ ಮೇಲೆ ನಾನು ಅಂಗಡಿ ಮುಚ್ಚಿ ಊರೂರು ಸುತ್ತಿದೆ. ಇಕ್ಕಳ, ತಂತಿ ಚೀಲದಲ್ಲಿ ಹಾಕಿಕೊಂಡು ಒಂದು ದಿನ ಭೇರ್ಯ, ಒಂದು ದಿನ ಕಂಪಲಾಪುರ, ಒಂದು ದಿನ ಪಿರಿಯಾಪಟ್ಟಣದ ಕಡೆ. ಚುಕ್ಕಿ ಬರುವ ಮನೆ ಕಂಡರೆ ಕೇಳದೆಯೇ ಹೆಂಚು ಹತ್ತಿ ಆಂಟೆನಾ ಸರಿಮಾಡಿದೆ. ಈ ವಾರ ಸಂಜೆ ತಪ್ಪದೆ ನೋಡಿ, ನಮ್ಮವ್ವನ ಫೋಟೊ ಬರುತ್ತದೆ ಅಂತ ಕೈ ಮುಗಿದೆ. ಹಿಂದೆ ನನ್ನಿಂದ ಬೈಸಿಕೊಂಡಿದ್ದ ಜನವೇ ಕರೆದು ಕೂರಿಸಿ ಮಜ್ಜಿಗೆ ಕೊಟ್ಟರು. ಕಂಪಲಾಪುರದಲ್ಲಿ ಒಬ್ಬಾಕೆ ತನ್ನ ಕೇರಿಯವರನ್ನೆಲ್ಲ ದಿನಾ ಟಿವಿ ಮುಂದೆ ಕೂರಿಸುತ್ತೇನೆ ಅಂದಳು. ಅವಳು ಹಾಗೇ ಕೂರಿಸಿದ್ದಳಂತೆ ಕೂಡ.

ಎಚ್.ಡಿ. ಕೋಟೆ ತಾಲ್ಲೂಕಿಗೆ ನಾನು ಹೋಗಲಿಲ್ಲ. ಆ ಕಡೆ ನಮಗೆ ನೆಂಟರಿಲ್ಲ, ಇಷ್ಟರಿಲ್ಲ. ಅವ್ವ ಬದುಕಿನಲ್ಲಿ ಆ ರಸ್ತೆ ಕಂಡವಳೇ ಅಲ್ಲ. ಕಾಡಂಚಿನಲ್ಲಿ ಪೈಪು ತಿರುಗಿಸದೆ ಸಂಜೆ ಕನ್ನಡ ಬರುವುದಿಲ್ಲ ಅನ್ನುವುದು ಲೋಕದಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಫೋಟೊ ಬಂದ ದಿನ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವ್ವನ ಮುಖ ಬಂತು, ವಯಸ್ಸು, ಬಣ್ಣ, ಉಟ್ಟಿದ್ದ ಸೀರೆ ಓದಿದರು. ಉಸಿರು ಬಿಡುವಷ್ಟರಲ್ಲಿ ಇನ್ನೊಬ್ಬರ ಮುಖ ಬಂತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಮಾತ್ರ ನೆಟ್ಟಗೆ ಕೂತು, ಬಲು ಸ್ಪಷ್ಟವಾಗಿತ್ತು, ಯಾರಾದರೂ ಗುರುತು ಹಿಡಿದೇ ಹಿಡಿಯುತ್ತಾರೆ ಅಂದ. ಮಾರನೆಯ ದಿನದಿಂದ ಅಂಗಡಿಯ ಪಕ್ಕದ ಫೋನ್ ಬೂತಿನಲ್ಲಿ ಕಾದು ಕೂತೆ. ಮೂರು ಕಡೆಯಿಂದ ಸುದ್ದಿ ಬಂತು. ಮೂರಕ್ಕೂ ಓಡಿದೆವು. ಮೂವರೂ ಬೇರೆ ಯಾರದೋ ಅವ್ವಂದಿರು.

ಮಳೆಗಾಲ ಬಂತು, ಹೋಯಿತು. ಅಪ್ಪ ಪ್ರತಿ ಸಂಜೆ ಟಿವಿ ಮುಂದೆ ಕೂರುವುದನ್ನು ಬಿಡಲಿಲ್ಲ. ಫೋಟೊ ಒಂದು ಸಲ ತೋರಿಸಿದ ಮೇಲೆ ಮುಗಿಯಿತು ಅಂತ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಸಿಕ್ಕಿದವರನ್ನೂ ತೋರಿಸಬಹುದಲ್ಲ ಅನ್ನುತ್ತಿದ್ದ. ಕರೆಂಟು ಹೋದರೆ ಹೊರಗೆ ಬಂದು ಲೈನಿನ ಕಂಬವನ್ನೇ ನೋಡುತ್ತಾ ನಿಲ್ಲುವನು. ನನಗೆ ಅವನನ್ನು ನೋಡಲು ಆಗುತ್ತಿರಲಿಲ್ಲ, ಏನಾದರೂ ನೆಪ ಹೇಳಿ ಅಂಗಡಿಯಲ್ಲೇ ಉಳಿಯುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಆ ಹಾಡಿಯಿಂದ ಹೇಳಿಕಳಿಸಿದರು. ಕೋತಿ ಜೋತುಬಿದ್ದು ಆಂಟೆನಾದ ಕಡ್ಡಿ ಮುರಿದಿದೆ, ಚಿತ್ರ ಬರುತ್ತಿಲ್ಲ ಅಂತ. ಹೋದೆ. ಶೀಟಿನ ಮೇಲೆ ಹತ್ತಿ ನೋಡಿದರೆ ಕಡ್ಡಿ ಮುರಿದಿತ್ತೇ ಹೊರತು ನನ್ನ ಕಟ್ಟು ಕೂದಲೆಳೆಯಷ್ಟೂ ಸರಿದಿರಲಿಲ್ಲ. ನೋಡಿದ್ರಾ, ಹೇಗೆ ನಿಂತಿದೆ ಅಂತ ಮೇಲಿನಿಂದಲೇ ಕೂಗಿದೆ. ಕೆಳಗೆ ಆ ಅಡುಗೆಯ ಹೆಂಗಸು ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಈಗಲಾದ್ರೂ ಸಂಜೆ ಕನ್ನಡ ಬರೋ ಅಂಗೆ ಮಾಡಿ ಸ್ವಾಮಿ" ಅಂದಳು. "ಆ ಮುದುಕವ್ವ ಇದ್ದಾಗ ದಿನಾ ಕೇಳೋಳು, ಇವ್ರೇನಂತಾರೆ, ಇವ್ರೇನಂತಾರೆ ಅಂತ. ನಮ್ಗೇನ್ ಗೊತ್ತು ಆ ಮಾತು?"

ಯಾವ ಮುದುಕವ್ವ ಅಂತ ಕೇಳಿದೆ. ಕೇಳುವಾಗಲೇ ಕೈಯಲ್ಲಿದ್ದ ಇಕ್ಕಳ ಜಾರಿ ಶೀಟಿನ ಮೇಲೆ ಉರುಳಿ ಕೆಳಗೆ ಬಿತ್ತು. ಅವಳು ಅದನ್ನು ಎತ್ತಿ ಪಕ್ಕಕ್ಕಿಟ್ಟು, ಸೊಪ್ಪು ಬಿಡಿಸುತ್ತಲೇ ಹೇಳಿದಳು. ಬೇಸಿಗೆಯಲ್ಲಿ ಒಂದು ಸಂಜೆ ಶುಂಠಿ ಹೊಲದ ಕೂಲಿ ಮುಗಿಸಿ ಬರುವಾಗ ಅಂತರಸಂತೆಯ ಆಚೆ ರಸ್ತೆಯ ಬದಿಯಲ್ಲಿ ಒಬ್ಬ ಮುದುಕಿ ಕೂತಿದ್ದಳಂತೆ. ಯಾವ ಬಸ್ಸಿಗೆ ಬಂದು ಇಳಿದಿದ್ದಳೋ, ಕಾಲಲ್ಲಿ ಚಪ್ಪಲಿಯಿಲ್ಲ. ಆನೆ ಓಡಾಡುವ ಜಾಗ, ಬಿಟ್ಟುಬರಲು ಮನಸ್ಸಾಗದೆ ಕರೆತಂದರಂತೆ. ಊರು ಯಾವುದು ಅಂದರೆ ನಮ್ಮೂರು ಅನ್ನುವಳಂತೆ. ಗಂಡನ ಹೆಸರು ಹೇಳವ್ವಾ, ಹುಡುಕುತ್ತೇವೆ ಅಂದರೆ ನಾಚಿ ಸೆರಗು ಮುಚ್ಚಿಕೊಳ್ಳುವಳಂತೆ. ಎಲ್ಲ ಮರೆತರೂ ಗಂಡನ ಹೆಸರು ಹೇಳಬಾರದು ಅನ್ನುವುದನ್ನು ಮಾತ್ರ ಅವಳು ಮರೆತಿರಲಿಲ್ಲ. ನಮ್ಮಣ್ಣ ಕರೆದುಕೊಂಡು ಹೋಗಲು ಬರುತ್ತಾನೆ, ಅಲ್ಲಿಯವರೆಗೆ ಇರುತ್ತೇನೆ ಅಂದಳಂತೆ. ಸಂತೆಯ ದಿನ ಕರೆದುಕೊಂಡು ಹೋಗಿ ಅಂಗಡಿ ಅಂಗಡಿಗೆ ತೋರಿಸಿದರಂತೆ. ಒಬ್ಬ ಫಾರೆಸ್ಟ್ ಗಾರ್ಡಿಗೂ ಹೇಳಿದರಂತೆ. ಯಾರಿಗೂ ಗುರುತು ಸಿಗಲಿಲ್ಲ.

ನಾನು ಏಣಿಯಲ್ಲಿ ಇಳಿದೆನೋ ಹಾರಿದೆನೋ ನೆನಪಿಲ್ಲ. ಅವಳೆಲ್ಲಿ ಅಂದೆ. ಆಷಾಢದಲ್ಲಿ ಜ್ವರ ಬಂದು ನಾಲ್ಕು ದಿನ ಮಲಗಿದ್ದಳು, ಐದನೆಯ ದಿನ ಎದ್ದೇಳಲಿಲ್ಲ ಅಂದಳು. ಆಸ್ಪತ್ರೆಗೆ ಹೊತ್ತುಕೊಂಡು ಹೋಗೋಣವೆಂದರೆ ಹೊಳೆ ತುಂಬಿತ್ತಂತೆ. ಮಾತು ಮುಗಿಸಿ ನನ್ನ ಮುಖ ನೋಡಿದವಳು ಸೊಪ್ಪಿನ ಮೊರ ಕೆಳಗಿಟ್ಟು ಎದ್ದಳು. ಏನೂ ಕೇಳದೆ ಗುಡಿಸಲಿಗೆ ಹೋಗಿ ಒಂದು ಎಲಡಿಕೆ ಚೀಲ ತಂದಳು. ಚೀಲದ ಬಾಯಿಗೆ ದಾರ ಇರಲಿಲ್ಲ. ಟಿವಿ ಆಂಟೆನಾದ ಚಪ್ಪಟೆ ತಂತಿಯ ಒಂದು ತುಂಡು ಕಟ್ಟಿತ್ತು. ಹಳೆಯ ದಾರ ಹರಿಯಿತು ಅಂತ ಅವ್ವ ಅತ್ತಾಗ ನಾನೇ ಅಂಗಡಿಯಲ್ಲಿ ಕತ್ತರಿಸಿ ಕಟ್ಟಿಕೊಟ್ಟದ್ದು.

ನೆಲದ ಮೇಲೆ ಕುಸಿದು ಕೂತು ಅತ್ತೆ. ಅಂಥ ಅಳುವನ್ನು ನಾನು ಅಲ್ಲಿಯವರೆಗೆ ಅತ್ತಿರಲಿಲ್ಲ. ಅವಳು ಚೊಂಬಿನಲ್ಲಿ ನೀರು ತಂದು ಕೊಟ್ಟು, ನಾನು ಸುಧಾರಿಸಿಕೊಂಡ ಮೇಲೆ ಕೇಳಿದಳು.

"ಯಾಕ್ ಸ್ವಾಮಿ ಉಡುಕ್ಲಿಲ್ಲ ನೀವು?"

"ಉಡುಕುದ್ವಿ ಕಣವ್ವ. ಟಿವೀಲೂ ಆಕ್ಸಿದ್ವಿ."

"ಯಾವ ಟಿವೀಲಿ?"

ಅವಳು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು. ಅಷ್ಟರಲ್ಲಿ ಅವಳೇ ತಲೆಯೆತ್ತಿ ಶೀಟಿನ ಮೇಲಿನ ಪೈಪನ್ನು ನೋಡಿದಳು. ಆಮೇಲೆ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಎರಡು ಬೈದಿದ್ದರೆ ಚೆನ್ನಾಗಿತ್ತು. ನಾನು ಅವಳ ಜಾಗದಲ್ಲಿದ್ದಿದ್ದರೆ ಬೈಯದೆ ಬಿಡುತ್ತಿರಲಿಲ್ಲ.

ಅವ್ವ ಆ ಕೋಣೆಯಲ್ಲಿ ಎಲ್ಲಿ ಕೂರುತ್ತಿದ್ದಳು ಅಂತ ಅವಳ ಗಂಡ ತೋರಿಸಿದ. ಬಾಗಿಲ ಹತ್ತಿರದ ಗೋಡೆಗೆ ಒರಗಿಕೊಂಡು, ಟಿವಿಗೆ ನೇರವಾಗಿ. ಒಂದು ಸಂಜೆಯೂ ತಪ್ಪಿಸುತ್ತಿರಲಿಲ್ಲವಂತೆ. ಹಾಗಾದರೆ ಅವಳ ಮುಖ ಮೈಸೂರಿನ ಟವರಿನಿಂದ, ಮಡಿಕೇರಿಯ ಟವರಿನಿಂದ ಊರಿಗೆಲ್ಲ ಕಾಣುತ್ತಿದ್ದ ಆ ಹೊತ್ತಿನಲ್ಲೂ ಅವಳು ಅಲ್ಲೇ ಕೂತಿದ್ದಳು. ಹಾಡಿಯ ಜನರೆಲ್ಲ ಅವಳ ಸುತ್ತ ಕೂತಿದ್ದರು. ಪೈಪು ತಿರುಗಿಸಲು ಬರುವ ಹಾಗಿದ್ದರೆ ಅವರು ತಿರುಗಿಸಿಯೇ ಇರುತ್ತಿದ್ದರು, ಅದು ಅವರ ರೂಢಿ. ಚುಕ್ಕಿಯ ನಡುವೆಯಾದರೂ ಯಾರಾದರೂ ಒಬ್ಬರು ಅವಳನ್ನು ಗುರುತಿಸುತ್ತಿದ್ದರು. ಹೆಸರು, ಊರು ಕಿವಿಗೆ ಬೀಳುತ್ತಿತ್ತು. ಅವಳು ಆಮೇಲೂ ಎರಡು ತಿಂಗಳು ಬದುಕಿದ್ದಳು.

ಮಣ್ಣು ಮಾಡಿದ ಜಾಗಕ್ಕೆ ಹೋಗಿ ಬಂದೆ. ಕಾಡುಪ್ರಾಣಿ ಕೆದಕದ ಹಾಗೆ ಕಲ್ಲು ಹೇರಿದ್ದರು. ಕಡ್ಡಿ ರಿಪೇರಿ ಮಾಡಿ ತರುತ್ತೇನೆ ಅಂತ ಹೇಳಿ ಸಿಮೆಂಟು ಒಡೆದು ಇಡೀ ಆಂಟೆನಾ, ಪೈಪಿನ ಸಮೇತ ಕಿತ್ತುಕೊಂಡು ಹೊರಟೆ. ಆಗ ನನ್ನ ಮನಸ್ಸಿನಲ್ಲಿ ಬೇರೆ ಯೋಚನೆ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅದು ಅಲ್ಲಿ ನಿಂತಿರುವುದನ್ನು ನೋಡಲಾಗಲಿಲ್ಲ, ಅಷ್ಟೆ.

ಅಪ್ಪನಿಗೆ ಆ ಸಂಜೆಯೇ ಹೇಳಿದೆ. ಅವನು ಟಿವಿ ಮುಂದೆ ಕೂತಿದ್ದ. ಎಲಡಿಕೆ ಚೀಲ ಅವನ ಕೈಯಲ್ಲಿಟ್ಟೆ. ಅವಳು ಸಿಕ್ಕಿದ್ದು, ಸತ್ತದ್ದು ಕೇಳಿ, ಚೀಲವನ್ನು ಸವರುತ್ತಾ ಒಂದೇ ಒಂದು ಪ್ರಶ್ನೆ ಕೇಳಿದ.

"ಅಲ್ಲಿ ಯಾರ್ ಮನೇಲೂ ಟಿವಿ ಇರ್ಲಿಲ್ವೇನ್ಲಾ?"

"ಇಲ್ಲ ಕಣಪ್ಪ. ಕಾಡು. ಅಲ್ಲಿಗೆಲ್ಲಿ ಟಿವಿ?" ಅಂದೆ.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಅಪ್ಪ ಉಸಿರು ಬಿಟ್ಟ. ಹಾಗಾದರೆ ಅವರದೇನೂ ತಪ್ಪಿಲ್ಲ, ನಮ್ಮದೂ ತಪ್ಪಿಲ್ಲ, ಅವಳ ಹಣೆಬರಹ ಅಂದ. ಎಷ್ಟೋ ತಿಂಗಳ ಮೇಲೆ ಆ ರಾತ್ರಿ ಅವನು ಹೊಟ್ಟೆ ತುಂಬ ಉಂಡ. ನಿಜ ಹೇಳಬೇಕು ಅಂತ ನನಗಿದ್ದ ಅಷ್ಟಿಷ್ಟು ಧೈರ್ಯವೂ ಅವನು ಉಣ್ಣುವುದನ್ನು ನೋಡಿ ಹೊರಟುಹೋಯಿತು.

ಆದರೆ ಅಪ್ಪ ಅಷ್ಟಕ್ಕೆ ಬಿಡುವವನೇ. ಎಡೆ ಇಡಬೇಕು, ಹಾಲು ತುಪ್ಪ ಬಿಡಬೇಕು, ಅವಳನ್ನು ನೋಡಿಕೊಂಡವರಿಗೆ ಕೈ ಮುಗಿದು ಬರಬೇಕು, ಹೊರಡು ಅಂದ. ನಾನು ಬಸ್ಸಿಲ್ಲ ಅಂದೆ, ಆನೆ ಕಾಟ ಅಂದೆ, ಅಂಗಡಿಯಲ್ಲಿ ಕೆಲಸ ಅಂದೆ. ಹದಿನೈದು ದಿನ ತಳ್ಳಿದೆ. ಅಷ್ಟರಲ್ಲಿ ಹಾಡಿಯಿಂದ ಎರಡು ಸಲ ಆಂಟೆನಾ ಎಲ್ಲಿ ಅಂತ ಹೇಳಿಕಳಿಸಿದ್ದರು. ಕಡ್ಡಿ ರಿಪೇರಿಯಾಗಿ ಅಂಗಡಿಯ ಮೂಲೆಯಲ್ಲಿ ನಿಂತಿತ್ತು. ಅಪ್ಪ ಹೋಗಿ ಬರುವವರೆಗೆ ಅದನ್ನು ಅಲ್ಲಿಗೆ ತೆಗೆದುಕೊಂಡು ಹೋಗುವ ಹಾಗಿಲ್ಲ ಅಂತ ನಾನು ಆಗಲೇ ಲೆಕ್ಕ ಹಾಕಿಬಿಟ್ಟಿದ್ದೆ. ಅವ್ವನನ್ನು ಮೂರು ತಿಂಗಳು ಸಾಕಿದವರಿಂದ ಅವರ ಟಿವಿಯನ್ನೇ ಕಿತ್ತುಕೊಂಡು ಕೂತಿದ್ದೆ. ಆ ಅಡುಗೆಯ ಹೆಂಗಸಿಗೆ ಮೊದಲೇ ಹೋಗಿ ನನ್ನ ಸುಳ್ಳಿನ ವಿಷಯ ಹೇಳುವ ಮುಖವೂ ನನಗಿರಲಿಲ್ಲ.

ಹೋದೆವು. ಅಪ್ಪ ಕಲ್ಲಿನ ಮೇಲೆ ಹಾಲು ಬಿಟ್ಟ, ಎಡೆಯಿಟ್ಟ, ಅಡ್ಡ ಬಿದ್ದ. ಆಮೇಲೆ ಅವ್ವ ಇದ್ದ ಜಾಗ ನೋಡಬೇಕು ಅಂದ. ಶೀಟಿನ ಕೋಣೆಯ ಮುಂದೆಯೇ ಜಗಲಿಯ ಮೇಲೆ ಕೂರಿಸಿದರು. ಗೋಡೆಯ ನೆತ್ತಿಯ ಮೇಲೆ ಪೈಪು ಕಿತ್ತ ಸಿಮೆಂಟಿನ ಗುಂಡಿ ಮಾತ್ರ ಬಾಯಿ ತೆರೆದುಕೊಂಡಿತ್ತು, ಕೆಳಗಿನವರಿಗೆ ಕಾಣುವುದಿಲ್ಲ. ಒಳಗೆ ಮರದ ಪೆಟ್ಟಿಗೆಗೆ ಬೀಗ ಹಾಕಿತ್ತು. ಆ ಹೆಂಗಸು ಕಾಫಿ ತಂದುಕೊಟ್ಟಳು. ಸುತ್ತ ಏಳೆಂಟು ಜನ ನಿಂತಿದ್ದರು, ಯಾರು ಯಾವ ಗಳಿಗೆಯಲ್ಲಿ ಆಂಟೆನಾದ ಮಾತು ತೆಗೆಯುತ್ತಾರೋ ಅಂತ ನಾನು ಒಬ್ಬೊಬ್ಬರ ಬಾಯಿಯನ್ನೇ ನೋಡುತ್ತಿದ್ದೆ.

ಅಪ್ಪ ಕಾಫಿ ಕುಡಿದು ಲೋಟ ಕೆಳಗಿಟ್ಟು ಅವಳಿಗೆ ಹೇಳಿದ.

"ನಿಮ್ಮೂರ್ಗೆ ಒಂದ್ ಟಿವಿ ಇದ್ದಿದ್ರೆ ನಮ್ಮೋಳು ಮನೆ ಸೇರ್ತಿದ್ಲು ಕಣವ್ವ. ಕಾಡ್ನಲ್ಲಿರೋರು, ನೀವೇನ್ ಮಾಡ್ತೀರಿ. ನನ್ ಮಗ ಇದೇ ಕಸುಬ್ನೋನು. ಅವಳ ಎಸ್ರಲ್ಲಿ ನಿಮ್ಗೊಂದ್ ಟಿವಿ ತಂದು, ಅವನ ಕೈಯಾರೆ ಆಂಟೆನಾ ಕಟ್ಕೊಡ್ತಾನೆ. ಇನ್ಯಾರ್ ತಾಯಿಗೂ ಇಂಗಾಗ್ಬಾರ್ದು."

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳ ಗಂಡ ಏನೋ ಹೇಳಲು ಹೊರಟ. ಅವಳು ಅವನ ತೋಳು ಮುಟ್ಟಿ ತಡೆದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬೀಗದ ಕೈಯನ್ನು ಸೆರಗಿನ ಒಳಗೆ ಸೇರಿಸಿಕೊಂಡು ಅಪ್ಪನಿಗೆ ಹೇಳಿದಳು.

"ಕಟ್ಕೊಡ್ತಾರೆ ಬುಡಿ ಯಜಮಾನ್ರೆ."

ಅಪ್ಪ ಅವಳಿಗೆ ಎರಡೂ ಕೈ ಎತ್ತಿ ಮುಗಿದ. ನಾನು ಹಾಲಿನ ಖಾಲಿ ತಂಬಿಗೆ ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತು ನಡಿಯಪ್ಪ ಅಂದೆ.